ಗುಜರಿಯಿಂದ ಮರಳಿ ತಂದ ಕಂಪ್ಯೂಟರ್

ಕೊಪ್ಪಳ ಜಿಲ್ಲೆಯಾದ ವರ್ಷ, ಅಂದರೆ ೧೯೯೭ರಲ್ಲಿ, ನಾನು ಕಂಪ್ಯೂಟರ್ ಕೊಂಡೆ. ಊರಿಗೆ ಹೊಸ ಕಚೇರಿಗಳು ಬರುತ್ತಿದ್ದವು. ಅವುಗಳ ಬೆನ್ನಿಗೇ ಬಾಡಿಗೆ ಏರಿಸುವ ಮನೆ ಮಾಲೀಕರೂ, ಯಾರ ಕೆಲಸವನ್ನಾದರೂ ಮಾಡಿಸಿಕೊಡುತ್ತೇನೆಂದು ಮೀಸೆ ತಿರುವುವ ಪುಢಾರಿಗಳೂ ಬಂದರು. ನಾನು ಟೈಪಿಂಗ್ ಪಾಸಾದವಳು. ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಮದುವೆ ಕಾರ್ಡು, ಕರಪತ್ರ, ಸಣ್ಣಪುಟ್ಟ ಪುಸ್ತಕಗಳ ಅಕ್ಷರ ಜೋಡಿಸುವ ಕೆಲಸ ಶುರುಮಾಡಿದೆ. ನಾನು ಜೋಡಿಸಿ ಬಟರ್ ಪೇಪರಿನ ಮೇಲೆ ಪ್ರಿಂಟ್ ತೆಗೆದುಕೊಟ್ಟದ್ದನ್ನು ಪ್ರೆಸ್ಸಿನವರು ಅಚ್ಚು ಹಾಕುತ್ತಿದ್ದರು.

ಆ ಯಂತ್ರಕ್ಕೆ ಹಾಕಿದ ಕನ್ನಡಕ್ಕೆ ಒಂದು ಬೀಗವಿತ್ತು. ಹೆಬ್ಬೆರಳಿನಷ್ಟು ದಪ್ಪನೆಯ ಪ್ಲಗ್ಗು. ಪ್ರಿಂಟರಿನ ವೈರು ಸಿಕ್ಕಿಸುವ ಜಾಗದಲ್ಲಿ ಅದನ್ನು ಸಿಕ್ಕಿಸಿದರಷ್ಟೇ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಮೂಡಿದ ಮೇಲೆ ನೋಡಬೇಕು: ಒತ್ತಕ್ಷರ ತನ್ನ ಜಾಗದಲ್ಲಿ, ಅರ್ಕಾವತ್ತು ತನ್ನ ಜಾಗದಲ್ಲಿ, ಸೀಸದ ಅಚ್ಚುಮೊಳೆ ಜೋಡಿಸಿದ ಕಾಲದ ಮುದ್ರಣಕ್ಕೂ ಅದಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಒಂಬತ್ತು ವರ್ಷ ಅದರಲ್ಲೇ ದುಡಿದೆ. ನನ್ನ ಬೆರಳುಗಳಿಗೆ ಅದರ ಗುಂಡಿಗಳು ಅಡುಗೆಮನೆಯ ಡಬ್ಬಿಗಳ ಹಾಗೆ, ಕಣ್ಣು ಮುಚ್ಚಿದರೂ ಸಿಗುತ್ತಿದ್ದವು.

ನನ್ನ ಮೈದುನ ಅಷ್ಟರಲ್ಲಿ ಗಂಗಾವತಿಯಲ್ಲಿ ಕಂಪ್ಯೂಟರ್ ಅಂಗಡಿ ತೆಗೆದಿದ್ದ. ಗಾಜಿನ ಬಾಗಿಲು, ಒಳಗೆ ಎಸಿ, ತಿರುಗುವ ಕುರ್ಚಿ. ಅಕ್ಕಿ ಮಿಲ್ಲಿನ ಸಾಹುಕಾರರೇ ಅವನ ಗಿರಾಕಿಗಳು. ಒಬ್ಬರು ಕೊಂಡರೆಂದು ಇನ್ನೊಬ್ಬರು ಕೊಳ್ಳುತ್ತಿದ್ದರು. ಕೊಂಡು, ಅದಕ್ಕೆ ಮಖಮಲ್ಲಿನ ಹೊದಿಕೆ ಹಾಕಿ, ದಸರೆಗೆ ಕುಂಕುಮ ಹಚ್ಚಿ, ಮಿಕ್ಕ ದಿನ ಅದರ ಹಿಂದೆ ಗುಮಾಸ್ತನನ್ನು ಕೂರಿಸಿ ಎಲೆ ಅಡಿಕೆ ಜಗಿಸುತ್ತಿದ್ದರು. ಇಂಥವರಿಗೆ ಮಾರಿ ಮಾರಿ ಮೈದುನನಿಗೆ ತಾನೊಬ್ಬ ವಿಜ್ಞಾನಿ ಎಂಬ ಭ್ರಮೆ ಹುಟ್ಟಿತ್ತು. ಹಬ್ಬಕ್ಕೆ ಮನೆಗೆ ಬಂದಾಗಲೆಲ್ಲ ನನ್ನ ಮೇಜಿನ ಮುಂದೆ ನಿಂತು ಸತ್ತ ನೆಂಟರನ್ನು ನೋಡಿದಂತೆ ಲೊಚಗುಟ್ಟುತ್ತಿದ್ದ.

"ವೈನಿ, ಇದು ಔಟ್‌ಡೇಟೆಡ್ ಆಗೇತ್ರಿ."

"ನಿಮ್ಮ ಅವ್ವನ ಬೀಸೋಕಲ್ಲೂ ಹಳೇದ ಐತಿ. ಅದರಾಗ ಬೀಸಿದ ಹಿಟ್ಟಿನ ರೊಟ್ಟಿ ಮತ್ತ ನಾಕು ತಿಂದಿ ಈಗ," ಎನ್ನುತ್ತಿದ್ದೆ. ಅವನು ನಕ್ಕು ಐದನೆಯದಕ್ಕೆ ಕೈಚಾಚುತ್ತಿದ್ದ. ಮಾತು ನಾಟುವುದಕ್ಕೆ ಚರ್ಮವಾದರೂ ತೆಳ್ಳಗಿರಬೇಕು.

ಆಗ ನನ್ನ ಕೈಯಲ್ಲಿದ್ದದ್ದು ಯಲಬುರ್ಗಾ ಕಡೆಯ ನಿವೃತ್ತ ದನದ ಡಾಕ್ಟರೊಬ್ಬರ ಪುಸ್ತಕ. ದನ, ಕುರಿ, ಆಡುಗಳ ರೋಗಗಳು, ಅವಕ್ಕೆ ಹಳ್ಳಿಗಳಲ್ಲಿ ಮಾಡುವ ಔಷಧಿ, ಆ ಔಷಧಿಗಳಲ್ಲಿ ಯಾವುದು ನಿಜ, ಯಾವುದು ದಡ್ಡತನ ಎಂಬ ವಿವರ. ಡಾಕ್ಟರ ಅಕ್ಷರ ಇರುವೆಯ ಸಾಲಿಗೆ ನೀರು ಹೊಯ್ದಂತಿತ್ತು. ಸಿಟ್ಟಿನ ಮನುಷ್ಯ. ಸಂತೆಯ ದಿನ ಬಸ್ಸಿಳಿದು ಬಂದು ಬಾಗಿಲಲ್ಲೇ ಕೇಳುತ್ತಿದ್ದರು:

"ಎಲ್ಲಿಗಿ ಬಂತವಾ ನನ್ನ ಪುಸ್ತಕ? ನಾ ಇರೂದ್ರಾಗ ಮುಗೀತೈತೋ ಇಲ್ಲೋ?"

ಬರೆದದ್ದನ್ನು ತಿದ್ದಿ, ತಿದ್ದಿದ್ದನ್ನು ಹೊಡೆದುಹಾಕಿ, ನನ್ನ ಪಕ್ಕದಲ್ಲೇ ಕೂತು ಬಾಯಲ್ಲಿ ಹೇಳಿ ಟೈಪ್ ಮಾಡಿಸಿ, ಎರಡು ವರ್ಷ ಎಳೆದಿದ್ದರು. ಮುಕ್ಕಾಲು ಪುಸ್ತಕದ ಸರಿಯಾದ ರೂಪ ಇದ್ದದ್ದು ನನ್ನ ಯಂತ್ರದೊಳಗೆ ಮಾತ್ರ.

ಆ ಬೇಸಿಗೆಯಲ್ಲಿ ನಮ್ಮ ಅವ್ವನ ಕಣ್ಣಿನ ಆಪರೇಷನ್ ಆಯಿತು. ಅವಳನ್ನು ನೋಡಿಕೊಳ್ಳಲು ತವರೂರು ತಳಕಲ್ಲಿಗೆ ಹೋದೆ. ವಾಪಸು ಬಂದು ಚೀಲ ಇಳಿಸುವ ಮುನ್ನವೇ ಕಂಡಿತು: ನನ್ನ ಮೇಜಿನ ಮೇಲೆ ಕರಿಯ ಬಣ್ಣದ ಹೊಸ ಕಂಪ್ಯೂಟರ್, ಅದರ ಕೊರಳಿಗೆ ಸೇವಂತಿಗೆ ಹಾರ. ಮೈದುನ ಪಕ್ಕದಲ್ಲಿ ಮದುಮಗನಂತೆ ನಿಂತಿದ್ದ. ಮನೆಯವರು ಮುನಿರಾಬಾದಿನ ಕಚೇರಿಗೆ ರಜೆ ಹಾಕಿ ಕೂತಿದ್ದರು. ಮದುವೆಯಾದಾಗಿನಿಂದ ನನಗಾಗಿ ಹಾಕಿದ ಮೊದಲ ರಜೆ ಅದು.

"ಹೆಂಗೈತ್ರಿ ವೈನಿ?"

"ನಂದು ಎಲ್ಲಿ?"

"ಆ ಡಬ್ಬಿನಾ? ಗಂಗಾವತಿ ಗುಜರಿಗೆ ಹಾಕಿನ್ರಿ. ಅವಾ ಒಲ್ಲೆ ಅಂತಿದ್ದ, ನಾನ ಕೈಕಾಲು ಹಿಡದು ಒಪ್ಪಿಸೀನಿ."

ನಾನು ಮನೆಯವರ ಮುಖ ನೋಡಿದೆ. ಅವರು ಫ್ಯಾನಿನ ರೆಕ್ಕೆ ನೋಡುತ್ತಾ, "ಹೊಸಾದು ಬಂತಲ್ಲ, ಮತ್ಯಾಕ ಅದು?" ಎಂದರು.

"ಡಾಕ್ಟರ ಪುಸ್ತಕ ಅದರಾಗ ಇತ್ತು."

"ಎಲ್ಲಾ ಕಾಪಿ ಮಾಡೀನ್ರಿ," ಎಂದು ಮೈದುನ ಕೂತು ಟಕಟಕ ಒತ್ತಿದ. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಅಡ್ಡಗೆರೆ, ಡಾಲರ್ ಗುರುತು, ಯಾರೋ ವಾಂತಿ ಮಾಡಿದಂತೆ. ಅವನ ಹಣೆ ಬೆವರಿತು. ಇನ್ನೇನೋ ಒತ್ತಿದ. ಈಗ ಕನ್ನಡವೇ ಬಂತು, ಆದರೆ ಒತ್ತಕ್ಷರಗಳೆಲ್ಲ ತಂತಮ್ಮ ತಾಯಿಯನ್ನು ಬಿಟ್ಟು ಬೀದಿಗೆ ಬಿದ್ದಿದ್ದವು. ಕುಷ್ಟಗಿಯ ಒಂದು ಮದುವೆ ಕಾರ್ಡು ತೆರೆದರೆ 'ಆಮಂತ್ರಣ' ಒಡೆದು 'ಆಮಂತ ರಣ' ಆಗಿತ್ತು.

"ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ, ವೈನಿ. ಜನಾ ಓದೂದಿಲ್ರಿ. ಊಟ ಎಲ್ಲೈತಿ ಅಂತ ಅಷ್ಟ ನೋಡ್ತಾರ."

ಅವನ ಜೀವನದಲ್ಲಿ ಅವನು ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅದೇ ಇರಬೇಕು. ನನ್ನ ಕೆಲಸ ಏನು ಎಂಬುದು ನನ್ನ ಮನೆಯ ಇಬ್ಬರು ಗಂಡಸರಿಗೆ ಒಂಬತ್ತು ವರ್ಷ ತಿಳಿದೇ ಇರಲಿಲ್ಲ. ಯಂತ್ರ ತಾನೇ ಕಾರ್ಡು ಹಡೆಯುತ್ತದೆ, ನಾನು ಪಕ್ಕದಲ್ಲಿ ಸೂಲಗಿತ್ತಿಯಂತೆ ಕೂತಿರುತ್ತೇನೆ ಎಂದುಕೊಂಡಿದ್ದರು.

"ನಡಿ," ಎಂದೆ ಮೈದುನನಿಗೆ.

"ಎಲ್ಲಿಗ್ರಿ?"

"ಯಾರ ಕೈಕಾಲು ಹಿಡದಿದ್ದಿ, ಅವನ ಹಂತೇಕ."

ಇಳಿಸಿದ ಚೀಲ ಇಳಿಸಿದಲ್ಲೇ ಬಿಟ್ಟು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನು ರ್‍ಯಾಮು, ಸ್ಪೀಡು ಎಂದು ಏನೇನೋ ಹೇಳಿದ. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಗುಜರಿಯವರು ತಾಮ್ರಕ್ಕಾಗಿ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಯುತ್ತಾರೆಂದು ಕೇಳಿದ್ದೆ.

ಅಂಗಡಿಯ ಅಂಗಳದಲ್ಲಿ ತುಕ್ಕು ಹಿಡಿದ ಕೂಲರು, ಸೈಕಲ್ಲು, ಪಂಪಿನ ಚಿಪ್ಪು. ಮಾಲೀಕ ಮಂಚದ ಮೇಲೆ ಕಾಲು ಮಡಿಸಿ ಕೂತು ಚಹಾ ಸಾಸರಿಗೆ ಸುರಿದುಕೊಳ್ಳುತ್ತಿದ್ದ. ಮೈದುನನನ್ನು ಕಂಡು ಸಾಸರು ಕೆಳಗಿಟ್ಟ.

"ಮತ್ತ ತಂದ್ರೇನು ಸಾಹುಕಾರ್ರ? ಇಂಥಾ ಕಚರಾ ಮಾಲ್ ನಮಗ ಬ್ಯಾಡ ಅಂದಿದ್ನಲ್ರಿ."

"ತರಾಕ ಅಲ್ಲಪಾ, ಒಯ್ಯಾಕ ಬಂದೀವಿ," ಎಂದೆ.

ಅಷ್ಟು ಹೇಳಿದ್ದೇ ತಪ್ಪಾಯಿತು. ಕಚರಾ ಮಾಲು ಕಣ್ಣೆದುರೇ ವಜ್ರವಾಯಿತು. "ಅಕ್ಕಾರ, ಅದರಾಗ ಬಂಗಾರ ಇರತೈತ್ರಿ. ಹೈದರಾಬಾದಿನವ್ರು ಕೇಳ್ಯಾರ," ಎಂದ. ಲೋಕದಲ್ಲಿ ಒಂದು ವಸ್ತುವಿನ ಬೆಲೆ ನಿಶ್ಚಯವಾಗುವುದು ಹೀಗೇ, ಬೇಕು ಎನ್ನುವವಳ ಮುಖ ನೋಡಿ.

"ಏನ್ ಕೊಡಬೇಕೋ ಇಂವ ಕೊಡ್ತಾನ," ಎಂದು ಮೈದುನನನ್ನು ಅವನ ಮುಂದೆ ನಿಲ್ಲಿಸಿ, ನಾನು ಸೆರಗು ಸಿಕ್ಕಿಸಿ ರಾಶಿಯೊಳಗೆ ಇಳಿದೆ.

ಕೂಲರೊಂದರ ಅಡಿಯಲ್ಲಿ ನನ್ನ ಯಂತ್ರದ ಡಬ್ಬಿ ಸಿಕ್ಕಿತು. ಮುಂಭಾಗದ ಪ್ಲಾಸ್ಟಿಕ್ಕು ಬಿರಿದಿತ್ತು. ನಾನು ಮೊದಲು ಹಿಂದುಗಡೆ ಕೈಯಾಡಿಸಿದೆ. ಬೀಗದ ಪ್ಲಗ್ಗು ಅಲ್ಲೇ ಇತ್ತು, ಯಾರಿಗೂ ಅದೇನೆಂದು ಗೊತ್ತಿಲ್ಲದ್ದರಿಂದ ಉಳಿದಿತ್ತು. ಅಜ್ಞಾನದಿಂದ ನನಗಾದ ಏಕೈಕ ಉಪಕಾರ. ಮಾನಿಟರು ಗೋಡೆಗೆ ಮುಖ ಮಾಡಿ ಶಿಕ್ಷೆಗೆ ನಿಂತ ಹುಡುಗನಂತೆ ನಿಂತಿತ್ತು. ಪ್ಲಗ್ಗನ್ನು ಮುಟ್ಟಿದಾಗ ಕಣ್ಣಲ್ಲಿ ನೀರು ಬಂತು. ಧೂಳಿನದು ಎಂದು ಹೇಳಿಕೊಂಡೆ.

ಆಟೋದವನು ಎದುರಿಗೇ ನಿಂತಿದ್ದ. ನಾನು ಕರೆಯಲಿಲ್ಲ. ಡಬ್ಬಿಯನ್ನು ನಾನು ಎತ್ತಿಕೊಂಡು, ಮಾನಿಟರನ್ನು ಮೈದುನನ ಎದೆಗೆ ಒರಗಿಸಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ತನ್ನದೇ ಗಾಜಿನ ಬಾಗಿಲಿನ ಅಂಗಡಿಯ ಮುಂದಿನಿಂದ, ಅದನ್ನು ಅವನು ಬಸ್‌ಸ್ಟ್ಯಾಂಡಿನವರೆಗೆ ಹೊತ್ತ. ಎದುರಾದ ಮಿಲ್ಲಿನ ಸಾಹುಕಾರರೊಬ್ಬರು ಸ್ಕೂಟರ್ ನಿಲ್ಲಿಸಿ ಕೇಳಿದರು, "ಏನ್ರಿ, ಹೊಸಾ ಮಾಡೆಲ್ಲೇನು?"

"ಹೌದ್ರಿ," ಎಂದ ಮೈದುನ ತಲೆ ತಗ್ಗಿಸಿ. "ಭಾಳ ಛಲೋ ಐತಿ."

ಅವರು ಮಾರನೆಯ ದಿನ ಇಂಥದ್ದೇ ಬೇಕೆಂದು ಅವನ ಅಂಗಡಿಗೆ ಹೋಗಿದ್ದರಂತೆ.

ಮನೆಗೆ ತಂದು, ಒರೆಸಿ, ವೈರು ಜೋಡಿಸಿ ಗುಂಡಿ ಒತ್ತಿದೆ. ಅದು ಎಂದಿನಂತೆ ಒಮ್ಮೆ ಗೊರಗೊರ ಎಂದು, ಸುಮ್ಮನಾಗಿ, ಮತ್ತೆ ಗೊರಗೊರ ಎಂದಿತು. ಪರದೆಯ ಮೇಲೆ ಡಾಕ್ಟರ ಕುರಿಗಳು ಒತ್ತಕ್ಷರ ಸಮೇತ ನಿಂತಿದ್ದವು. ಹಾರ ಹಾಕಿಸಿಕೊಂಡ ಹೊಸದನ್ನು ಪಡಸಾಲೆಗೆ ಸಾಗಿಸಿದೆ. ಮನೆಯವರು ನಿವೃತ್ತರಾಗುವವರೆಗೂ ಅದರಲ್ಲಿ ಇಸ್ಪೀಟು ಆಡಿದರು. ಗೆದ್ದಾಗ ಇಸ್ಪೀಟೆಲೆಗಳು ಜಿಗಿಯುವುದನ್ನು ತೋರಿಸಲು ನನ್ನನ್ನು ಒಳಗಿನಿಂದ ಕರೆಯುತ್ತಿದ್ದರು. ಆ ಯಂತ್ರದಿಂದ ನಮ್ಮ ಮನೆಗಾದ ಪ್ರಯೋಜನ ಅಷ್ಟೇ.

ಡಾಕ್ಟರ ಪುಸ್ತಕ ಮುಗಿಯಿತು. ಅಚ್ಚಾಗಿ ಬಂದ ಮೊದಲ ಪ್ರತಿಯನ್ನು ಅವರು ನನ್ನ ಮೇಜಿನ ಬಳಿಯೇ ನಿಂತು ಒಂದೊಂದೇ ಹಾಳೆ ತಿರುವಿ, ಕನ್ನಡಕ ತೆಗೆದು, "ರಕ್ಷಾಪುಟದ ಆಕಳು ನಮ್ಮ ಕಡೀದಲ್ಲ, ಪರದೇಶದ್ದು," ಎಂದು ಬೈದರು. ಬಸ್ಸಿಗೆ ಹೊರಟವರು ಬಾಗಿಲಲ್ಲಿ ತಿರುಗಿ, "ಅಕ್ಷರ ಎಲ್ಲಾ ಛಲೋ ಕುಂತಾವವಾ," ಎಂದರು. ನನ್ನ ವೃತ್ತಿಯಲ್ಲಿ ಹಾಗೆಂದವರು ಅವರೊಬ್ಬರೇ.

ಮೈದುನ ಕಂಪ್ಯೂಟರ್ ಬಿಟ್ಟು ಮೊಬೈಲು, ಮೊಬೈಲು ಬಿಟ್ಟು ಸಿಸಿ ಕ್ಯಾಮೆರಾ ಮಾರಿದ. ಪ್ರತಿ ಸಲವೂ ಹಿಂದಿನದು ಔಟ್‌ಡೇಟೆಡ್ ಎಂದು ಅಷ್ಟೇ ನಂಬಿಕೆಯಿಂದ ಹೇಳುತ್ತಿದ್ದ. ಗುಜರಿಯವನು ಮಾತ್ರ ನನ್ನ ಕಾಯಂ ಸಂಬಂಧಿಯಾದ. ಅಂಥ ಯಂತ್ರ ಬಂದರೆ ಈಗಲೂ ಫೋನು ಮಾಡುತ್ತಾನೆ, ಬಂಗಾರದ ಕಥೆ ಹೇಳುತ್ತಾನೆ, ನಾನು ಬೈಯುತ್ತೇನೆ, ಕೊನೆಗೆ ಕೊಡುತ್ತಾನೆ. ಬಿಡಿಭಾಗಗಳು ಹಾಗೆ ಸಿಗುತ್ತವೆ.

ಈಚೆಗೆ ಹೊಸ ತಳಿಯೊಂದು ಬರತೊಡಗಿದೆ, ಮೆಚ್ಚುವವರದು. ಹೀಯಾಳಿಸುವವರನ್ನಾದರೂ ಸಹಿಸಬಹುದು. ಹೋದ ವರ್ಷ ನದಿಯಾಚೆ ಹೋಟೆಲು ಕಟ್ಟಿಸುತ್ತಿರುವವರೊಬ್ಬರು ಕಾರಿನಲ್ಲಿ ಬಂದರು. ಯಂತ್ರವನ್ನು ಕಂಡು ಎದೆಯ ಮೇಲೆ ಕೈಯಿಟ್ಟುಕೊಂಡರು.

"ವಿಂಟೇಜ್ ರೀ ಮೇಡಂ! ನಮ್ಮ ಹೋಟೆಲ್ ಬಾಗಿಲಾಗ ಗಾಜಿನ ಪೆಟಗ್ಯಾಗ ಇಡ್ತೀನಿ. ಮ್ಯಾಲೆ ಲೈಟ್ ಹಾಕಸ್ತೀನಿ."

"ಅದು ಕೆಲಸದಾಗ ಐತ್ರಿ," ಎಂದೆ.

ಅವರಿಗೆ ತಿಳಿಯಲಿಲ್ಲ. ನಗುತ್ತಾ ಮೊಬೈಲು ಚಾಚಿ, ನನಗೂ ಮಾನಿಟರಿಗೂ ನಡುವೆ ತಲೆ ತೂರಿಸಿ ಫೋಟೊ ಹೊಡೆದುಕೊಂಡರು. ನವಲಿ ಊರಿನವರೊಬ್ಬರ ಗೃಹಪ್ರವೇಶದ ಕಾರ್ಡು ಪರದೆಯ ಮೇಲೆ ಅರ್ಧಕ್ಕೆ ನಿಂತಿತ್ತು.

"ಬೆಳಕಿಗಿ ಅಡ್ಡ ನಿಂತೀರಿ, ಸ್ವಲ್ಪ ಅತ್ತಾಗ ಸರೀರಿ," ಎಂದೆ.