ರೈಲಣ್ಣನ ಅಕ್ಕ

ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಅಂಗಡಿಯಲ್ಲಿ ಕೆಲಸ ಮಾಡುವವಳು ಅಕ್ಕ, ಮಾತಾಡುವವನು ತಮ್ಮ. ಅಪ್ಪ ಸತ್ತ ಮೇಲೆ ಮೂವತ್ತು ವರ್ಷ ಹೀಗೇ ನಡೆದಿದೆ. ಒಳಗೆ ಕಿಟಕಿಯ ಪಕ್ಕ ಕುಳಿತು ಅಕ್ಕ ಹಾಳೆ ಹೊಲಿಯುತ್ತಾಳೆ, ಬೆನ್ನಿಗೆ ಅಂಟು ಬಳಿಯುತ್ತಾಳೆ, ಕಬ್ಬಿಣದ ಪ್ರೆಸ್ಸಿನಲ್ಲಿ ಒತ್ತಿಡುತ್ತಾಳೆ. ಬಾಗಿಲ ಬಳಿ ಕುಳಿತ ತಮ್ಮ ಗಿರಾಕಿಗಳನ್ನು ನೋಡಿಕೊಳ್ಳುತ್ತಾನೆ. ಬೀದಿಯವರಿಗೆ ಅವನು ರೈಲಣ್ಣ. ಅವನು ರೈಲು ಬಿಡಲು ಶುರುಮಾಡಿದರೆ ಡಬ್ಬಿಗಳು ಮುಗಿಯುವುದೇ ಇಲ್ಲ.

ಅವನ ಮಾತನ್ನು ಅಕ್ಕ ಕೇಳುತ್ತಲೇ ವಿಂಗಡಿಸುತ್ತಾಳೆ. ಹತ್ತು ಪುಸ್ತಕ ಕಟ್ಟಿದ್ದನ್ನು ನೂರು ಎಂದರೆ ಬಡಾಯಿ. ಬುಡದಲ್ಲಿ ಹತ್ತಾದರೂ ಇರುತ್ತದೆ. ಕಟ್ಟದೇ ಇದ್ದುದನ್ನು ಕಟ್ಟಿದೆ ಎಂದರೆ ಬುರುಡೆ. ಯಾರೂ ಕೇಳದಿದ್ದರೂ ತನ್ನನ್ನು ತಾನೇ ಹೊಗಳಿಕೊಂಡರೆ ಒಣಜಂಬ. ಹರಟೆಯನ್ನು ಆಕೆ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಆಕೆಗೆ ಮೈ ಉರಿಯುವುದು ಇನ್ನೊಂದು ಬಗೆಯ ಮಾತಿಗೆ: ಅವನು ಬಾಯಲ್ಲಿ ಆಡಿ, ಆಕೆ ಕೈಯಲ್ಲಿ ಮಾಡಿ ತೋರಿಸಬೇಕಾದ ಮಾತಿಗೆ.

ಒಂದು ದಿನ ಹತ್ತಿರದ ಶಾಲೆಯ ಹೆಡ್‌ಮಿಸ್ಟ್ರೆಸ್ ಹಳೆಯ ದಾಖಲಾತಿ ರಿಜಿಸ್ಟರೊಂದನ್ನು ಎದೆಗೆ ಅವಚಿಕೊಂಡು ಬಂದರು.

"ಹುಷಾರು. ಹುಟ್ಟಿದ ತಾರೀಕು ಬೇಕು ಅಂತ ಈಗಲೂ ಜನ ಬರ್ತಾರೆ. ಇದು ಚೆನ್ನಾಗಾದ್ರೆ ಬೀರುವಿನಲ್ಲಿರೋ ಇನ್ನು ಇಪ್ಪತ್ತನ್ನೂ ನಿಮಗೇ ಕೊಡ್ತೀನಿ."

"ಹೇಳ್ಬೇಕಾ ಮೇಡಂ!" ಎಂದ ತಮ್ಮ. "ದೊಡ್ಡ ದೊಡ್ಡ ಜಡ್ಜುಗಳು ನಮ್ಮ ಬೈಂಡಿಂಗ್ ಅಲ್ಲದಿದ್ರೆ ಪುಸ್ತಕ ಮುಟ್ಟೋದಿಲ್ಲ. ಅಂಚು ಹೇಗಿರುತ್ತೆ ಅಂದ್ರೆ, ಅದರಲ್ಲಿ ಮುಖ ನೋಡ್ಕೊಂಡು ನೀವು ತಲೆ ಬಾಚ್ಕೋಬಹುದು!"

ಅವರು ಮೆಟ್ಟಿಲಿಳಿದ ಮೇಲೆ ಅಕ್ಕ ಸೂಜಿ ಕೆಳಗಿಟ್ಟಳು. "ಹಳೇ ಪುಸ್ತಕದ ಅಂಚು ಕತ್ತರಿಸಬಾರದು ಅಂತ ಅಪ್ಪ ಹೇಳಿದ್ದು ಮರೆತೆಯೇನೋ?"

"ಮಾತಿಗೆ ಅಂದೆ ಕಣಕ್ಕ. ಎಲ್ಲದನ್ನೂ ಹಿಡ್ಕೊಂಡು ಜಗ್ತೀಯಲ್ಲ!"

ಇಪ್ಪತ್ತು ರಿಜಿಸ್ಟರೆಂದರೆ ಒಂದು ವರ್ಷದ ಕೆಲಸ, ಅದೂ ಆಕೆ ಇಷ್ಟಪಡುವ ಕೆಲಸ. ವರ್ಷಗಳಿಂದ ಬರೀ ನೋಟ್‌ಬುಕ್ಕು, ಬಿಲ್‌ಬುಕ್ಕು ಕಟ್ಟಿ ಸಾಕಾಗಿತ್ತು. ಹರಿದ ಹಾಳೆಗಳಿಗೆಲ್ಲ ತೆಳುಕಾಗದ ಹಚ್ಚಿ ಹೊಲಿಗೆ ಮುಗಿಸಿದಳು. ರಟ್ಟು ಹಾಕುವುದೊಂದು ಬಾಕಿಯಿತ್ತು. ಅಷ್ಟರಲ್ಲಿ ದವಡೆ ಹಲ್ಲಿನ ನೋವು ತಡೆಯಲಾರದೆ ಒಂದು ಬೆಳಿಗ್ಗೆ ದಂತವೈದ್ಯರ ಬಳಿ ಹೋದಳು.

ಆಗಲೇ ಹೆಡ್‌ಮಿಸ್ಟ್ರೆಸ್ ಫೋನು ಮಾಡಿದರು. "ಅಂಚು ಕನ್ನಡಿ ಆಗಿದೆ ಮೇಡಂ!" ಎಂದ ತಮ್ಮ. ಫೋನಿಟ್ಟು ನೋಡಿದರೆ ಅಂಚು ಇಲಿ ಕಡಿದಂತಿತ್ತು. ಜೀವಮಾನದಲ್ಲಿ ಮೊದಲ ಸಲ ಅವನು ಆಡಿದ ಮಾತನ್ನು ನಿಜ ಮಾಡಲು ಹೊರಟ. ರಿಜಿಸ್ಟರನ್ನು ಕಟಿಂಗ್ ಮಷಿನ್ನಿಗೆ ಕೊಟ್ಟು ಹಿಡಿ ಎಳೆದ. ಹುಟ್ಟಿದ ತಾರೀಕು ಇದ್ದದ್ದು ಕೊನೆಯ ಅಂಕಣದಲ್ಲಿ, ಹಾಳೆಯ ತುದಿಗೆ ಅಂಟಿಕೊಂಡು. ದಿನ, ತಿಂಗಳು ಉಳಿದವು. ಇಸವಿ ಹೋಯಿತು.

ಅಕ್ಕ ಹಲ್ಲು ಕೀಳಿಸಿಕೊಂಡು ಬಂದಳು. ನುಣುಪಾದ ಅಂಚನ್ನು ನೋಡಿದಳು. ಬೈಯಲು ನೂರು ಮಾತಿದ್ದವು, ಬಾಯಿ ತುಂಬ ಹತ್ತಿಯಿತ್ತು. ರದ್ದಿಯ ಚೀಲವನ್ನು ನೆಲಕ್ಕೆ ಸುರಿದು ಕುಕ್ಕರಿಸಿದಳು.

ನಾಲ್ಕು ದಿನ, ಒಂದೊಂದೇ ಕಾಗದದ ಪಟ್ಟಿಯನ್ನು ಮಸಿಯ ಬಣ್ಣ, ಅಕ್ಷರದ ಬಾಲ ನೋಡಿ ಅದರದರ ಹಾಳೆಗೆ ಜೋಡಿಸಿದಳು. ಬಾಗಿಲಲ್ಲಿ ತಮ್ಮ ಬಂದವರಿಗೆಲ್ಲ ವಿವರಿಸುತ್ತಿದ್ದ: "ಇದು ಮ್ಯೂಸಿಯಂ ಪದ್ಧತಿ. ಇದನ್ನ ಅಕ್ಕನಿಗೆ ಕಲಿಸಿದ್ದೇ ನಾನು."

"ಮುಚ್ಚೋ ಬಾಯಿ!" ಎಂದಳು ಅಕ್ಕ, ಊದಿದ ಕೆನ್ನೆಯಲ್ಲೇ.

"ನೋಡಿ, ಕೆಲಸದಲ್ಲಿ ಎಷ್ಟು ಮುಳುಗಿದ್ದಾಳೆ!" ಎಂದ ಅವನು.

ಏಳು ಪಟ್ಟಿಗಳು ಸಿಗಲೇ ಇಲ್ಲ. ಅವನು ಸುರುಳಿ ಸುತ್ತಿ ಕಿವಿ ಕೆರೆದುಕೊಂಡು ಬೀದಿಗೆ ಎಸೆದಿದ್ದನಂತೆ.

ಹೆಡ್‌ಮಿಸ್ಟ್ರೆಸ್ ಬಂದಾಗ ತಮ್ಮ, "ಬನ್ನಿ ಮೇಡಂ, ಇಂಥದ್ದನ್ನ ನೀವು ಕಂಡೇ ಇರಲ್ಲ..." ಎಂದು ಶುರುಮಾಡಿದ. ಅಕ್ಕ ಎದ್ದು ಬಂದು ಅವನನ್ನು ಪಕ್ಕಕ್ಕೆ ಸರಿಸಿದಳು.

"ಇವನು ಕತ್ತರಿಸಿದ, ನಾನು ಅಂಟಿಸಿದೆ. ಏಳು ಹಾಳೆಯ ಇಸವಿಗಳು ಹೋಗಿವೆ. ಅಲ್ಲೆಲ್ಲ ಚೀಟಿ ಇಟ್ಟಿದ್ದೀನಿ."

ಅವರು ಚೀಟಿಯಿದ್ದ ಹಾಳೆಗಳನ್ನು ನೋಡಿದರು. ಆಮೇಲೆ ಉಳಿದವನ್ನೂ, ಬೆರಳಿನಿಂದ ಅಂಟು ಮುಟ್ಟಿ ಮುಟ್ಟಿ, ಬಹಳ ಹೊತ್ತು ನೋಡಿದರು.

"ಇಷ್ಟು ಕೆಲಸ ಗೊತ್ತಿರೋರು, ಆವತ್ತೇ ನನ್ನ ಹತ್ರ ಒಂದು ಮಾತು ಆಡೋದಕ್ಕೇನಾಗಿತ್ತಮ್ಮ? ಒಳಗೇ ಇದ್ರಲ್ಲ."

ಅಕ್ಕ ಹೊರಗೆ ಜಾರಿದ್ದ ಒಂದು ಚೀಟಿಯನ್ನು ಹಾಳೆಯೊಳಕ್ಕೆ ತಳ್ಳಿದಳು.

"ಇನ್ನುಳಿದ ಇಪ್ಪತ್ತನ್ನ ಈ ಅಂಗಡಿಗೆ ಕಳಿಸೋ ಧೈರ್ಯ ನನಗಿಲ್ಲ" ಎಂದು ಅವರು ರಿಜಿಸ್ಟರನ್ನು ಎತ್ತಿಕೊಂಡು ಹೋದರು.

"ಬಿಡಕ್ಕ, ಇಂಥ ಗಿರಾಕಿಗಳು ನೂರು ಜನ ಬರ್ತಾರೆ" ಎಂದ ತಮ್ಮ.

ಅಕ್ಕ ಕಟಿಂಗ್ ಮಷಿನ್ನಿನ ಹಿಡಿಯನ್ನು ಬಿಚ್ಚಿದಳು, ಹಳೆಯ ಬಟ್ಟೆಯಲ್ಲಿ ಸುತ್ತಿ ತನ್ನ ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟಳು. ಎದುರಂಗಡಿಯವನು ಏನಾಯಿತೆಂದು ಕೇಳಿದ.

"ಬ್ಲೇಡು ಸಾಣೆಗೆ ಹೋಗ್ತಿದೆ" ಎಂದು ತಮ್ಮ ಹೇಳುವುದು ಹಿಂದಿನಿಂದ ಕೇಳಿಸಿತು. "ಇಂಥ ಮಷಿನ್ನಿಗೆ ಸಾಣೆ ಹಿಡಿಯೋರು ಇಡೀ ದೇಶಕ್ಕೆ ಇಬ್ಬರೇ. ಇಬ್ಬರೂ ನನ್ನ ಸ್ನೇಹಿತರು."

ಅಕ್ಕ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನಡೆದಳು. ಹಿಡಿ ಭಾರವಾಗಿತ್ತು.