ಬಾಣಂತಿಯ ಕಿವಿಗೆ ಇಟ್ಟ ಹತ್ತಿ

ರಾಜಾಜಿನಗರದ ನಮ್ಮ ಮನೆಯ ಹಿಂದೆ ಒಂದು ಕಾರ್ಖಾನೆ. ಅದರ ಸೈರನ್ ಕೇಳಿಯೇ ಅಮ್ಮ ಅನ್ನಕ್ಕೆ ಇಡುತ್ತಿದ್ದಳು. ಹುಟ್ಟಿದಾಗಿನಿಂದ ಅದನ್ನು ಕೇಳಿದ ನನಗೆ ಸೈರನ್ ಎಂದರೆ ಶಿಫ್ಟ್ ಬಿಟ್ಟಿತು, ಅಷ್ಟೇ.

ತಂಗಿಯ ಬಾಣಂತನಕ್ಕೆ ನಾರ್ವೆಗೆ ಹೋದೆ. ಅವಳು ಅಲ್ಲಿ ವೃದ್ಧಾಶ್ರಮದಲ್ಲಿ ನರ್ಸು. ಬೆಟ್ಟಗಳ ನಡುವೆ ಕಿರಿದಾಗಿ ಒಳನುಗ್ಗಿದ ಸಮುದ್ರ, ಅದರ ದಡದಲ್ಲಿ ಒಂದೇ ರಸ್ತೆಯ ಊರು. ಒಂದು ಶಾಲೆ, ಒಂದು ಅಂಗಡಿ, ಬಿಳಿ ಚರ್ಚು, ಸೇಬಿನ ತೋಟ, ಕುರಿಗಳು. ಪಂಚಾಯ್ತಿ ಆಫೀಸು, ಲೈಬ್ರರಿ ಒಂದೇ ಕಟ್ಟಡದಲ್ಲಿ. ಊರಿನ ಜನರೆಲ್ಲ ಸೇರಿದರೂ ನಮ್ಮ ಮನೆ ಹತ್ತಿರದ ಕಾಮಾಕ್ಷಿಪಾಳ್ಯದ ಕೆಲವು ಬೀದಿಗಳು ತುಂಬಲಾರವು. ಎದುರಿನ ಬೆಟ್ಟ ಬಿರುಕು ಬಿಟ್ಟಿದೆ, ಅದಕ್ಕೆ ಯಂತ್ರ ಕಟ್ಟಿ ಕಾಯುತ್ತಾರೆ, ಕುಸಿದರೆ ನೀರೆದ್ದು ಊರಿಗೆ ನುಗ್ಗುತ್ತದೆ ಎಂದು ತಂಗಿ ಮೊದಲ ದಿನವೇ ಹೇಳಿದ್ದಳು. ನಾನು ಹೂಂ ಎಂದು, ಸಾಂಬ್ರಾಣಿ ಎಲ್ಲಿಡಲಿ ಎಂದು ಕೇಳಿದ್ದೆ.

ಆ ಬೆಳಿಗ್ಗೆ ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಗಾಳಿ ಹೋಗದಂತೆ ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಬಿಗಿದು ಮಲಗಿಸಿದೆ. ಕಣ್ಣಿಗೆ ಆಯಾಸವೆಂದು ಅವಳ ಫೋನ್ ಆಫ್ ಮಾಡಿಟ್ಟೆ. ಬೆಟ್ಟದ ಎಚ್ಚರಿಕೆ ಅದರಲ್ಲೂ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವಳ ಗಂಡ ಕೆಲಸಕ್ಕೆಂದು ದೂರದ ಪೇಟೆಗೆ ಹೋಗಿದ್ದ.

ಸೈರನ್ ಕೂಗಿತು. ಮಗು ಎದ್ದೀತೆಂದು ಕಿಟಕಿ ಮುಚ್ಚಿದೆ. ಮೆಣಸಿನ ಸಾರಿಗೆ ಒಗ್ಗರಣೆ ಹಾಕಿದೆ. ಈ ಊರಿನಲ್ಲಿ ಕಾರ್ಖಾನೆಯೇ ಇಲ್ಲ ಎಂಬುದು ಹೊಳೆದಾಗ ಕೈಯಲ್ಲಿ ಸೌಟಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟದೆ ಒಳಗೆ ಬಂದಳು. ಅವಳ ಒಂದು ಮಾತೂ ಅರ್ಥವಾಗಲಿಲ್ಲ. ಬೆಟ್ಟ ತೋರಿಸಿದಳು, ನೀರು ತೋರಿಸಿದಳು, ತೊಟ್ಟಿಲು ತೋರಿಸಿದಳು. ತಾನೇ ಒಲೆ ಆರಿಸಿದಳು.

ತಂಗಿಯನ್ನು ಅಲ್ಲಾಡಿಸಿ ಎಬ್ಬಿಸಿದೆ. ಅವಳು ಹತ್ತಿ ಕಿತ್ತು, ಒಂದು ಗಳಿಗೆ ಕೇಳಿಸಿಕೊಂಡಳು.

"ಇದು ಯಾವಾಗ ಶುರುವಾಯ್ತೇ?"

"ಸಾರಿಗೆ ಇಡೋವಾಗ."

"ಅಯ್ಯೋ, ಮಗು ಎತ್ಕೊಳೇ! ಚಪ್ಪಲಿ ಹುಡುಕ್ಬೇಡ, ನಡಿ!"

ಎಲ್ಲರೂ ಮೇಲಿನ ಶಾಲೆಯ ಕಡೆ ಏರುತ್ತಿದ್ದರು. ಯಾರೂ ಕಿರುಚಲಿಲ್ಲ. ಮಗು ನನ್ನ ಎದೆಯಲ್ಲಿ, ತಂಗಿ ಹೊಟ್ಟೆ ಹಿಡಿದುಕೊಂಡು ಅಜ್ಜಿಯ ತೋಳಿಗೆ ಜೋತು. ಕೆಳಗೆ ನೀರು ಒಂದಿಷ್ಟೂ ಅಲುಗದೆ ನಿಂತಿತ್ತು. ನನಗೆ ಅದನ್ನು ನೋಡಿಯೇ ಎಲ್ಲಕ್ಕಿಂತ ಹೆಚ್ಚು ಭಯವಾಯಿತು.

ಬೆಟ್ಟ ಅಂದು ಬೀಳಲಿಲ್ಲ. ಅಲುಗಾಟ ನಿಂತಿದೆ, ಮನೆಗೆ ಹೋಗಬಹುದು ಎಂದು ಸಂಜೆ ಪಂಚಾಯ್ತಿಯವರು ಹೇಳಿದರು.

ಮರುದಿನ ನೀರು ಹಾಕಿ ಹತ್ತಿ ಕೈಗೆತ್ತಿಕೊಂಡೆ. ತಂಗಿ ನನ್ನ ಮುಖ ನೋಡಿದಳು.

"ಒಂದು ಕಿವಿಗೆ ಇಡು ಅಕ್ಕ. ಇನ್ನೊಂದು ಬಿಡು."

ಹಾಗೇ ಮಾಡಿದೆ.

ರಾಜಾಜಿನಗರಕ್ಕೆ ಮರಳಿದ್ದೇನೆ, ಕಾರ್ಖಾನೆಯ ಸೈರನ್ ಈಗಲೂ ಕೂಗುತ್ತದೆ. ನನ್ನ ಕೈ ತಾನಾಗಿ ಹೋಗಿ ಒಲೆ ಆರಿಸುತ್ತದೆ.