ಒಂದೇ ಸಲ ಕರೆದರೆ

“ರುಬ್ಬುವವಳ ಮನೆಯಲ್ಲಿ ಡಿಗ್ರಿಯಾ? ಆಗ್ಲಿಕ್ಕಿಲ್ಲ ಮಾರಾಯ್ತಿ” ಅಂದದ್ದು ಮಾಟುಂಗದ ಹೋಟೆಲಿನ ಧಣಿ, ನನ್ನ ಕಾಲೇಜಿನ ಮಾತು ಬಂದಾಗ. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಉದ್ದಿನ ಹಿಟ್ಟಿನಿಂದ ಕೈ ಎತ್ತಲಿಲ್ಲ. ಮೊಣಕೈವರೆಗೆ ಬಿಳಿ. ನೆನೆದು ನೆನೆದು ಸುಕ್ಕಾದ ಬೆರಳು. ಎಷ್ಟು ತೊಳೆದರೂ ಹುಳಿವಾಸನೆ ಬಿಡದ ಕೈ ಅದು.

“ಒಂದೇ ಸಲ ಹೇಳಿದ್ರಲ್ಲ ಧಣಿ, ನನಗೆ ಕೇಳ್ಲಿಲ್ಲ” ಅಂದಳು.

ಅದು ಅವಳ ಪದ್ಧತಿ. ಒಂದೇ ಸಲ ಕರೆದರೆ ಓಗೊಡುತ್ತಿರಲಿಲ್ಲ. “ಮನುಷ್ಯರಾದ್ರೆ ಇನ್ನೊಮ್ಮೆ ಕರೀತಾರೆ. ಸತ್ತವರು ಯಾರ ಸ್ವರದಲ್ಲಾದ್ರೂ ಕರೀತಾರೆ, ಆದ್ರೆ ಒಂದೇ ಸಲ. ಓ ಅಂದ್ರೆ ಅವರ ಹಿಂದೆ ಹೋಗ್ಬೇಕಾಗ್ತದೆ.” ವಡಾಲದ ನಮ್ಮ ಚಾಳಿನವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆ ಮಳೆಗಾಲದವರೆಗೆ.

ಹೋಟೆಲಿನವರೆಲ್ಲ ಸೇರಿ ಕರ್ಜತ್ ಆಚೆಯ ಸಣ್ಣದೊಂದು ಗಿರಿಧಾಮಕ್ಕೆ ಹೋಗಿದ್ದೆವು. ಕಾಡು ದಾಟಿದರೆ ಹುಲ್ಲುಗಾವಲು. ಮಧ್ಯಾಹ್ನವೇ ಮಂಜು ಇಳಿಯಿತು. ಮೊದಲು ಜೊತೆಯವರ ಮುಖ ಕಾಣದಾಯಿತು, ಆಮೇಲೆ ಮಾತೂ ಕೇಳದಾಯಿತು. ಆಗ ಎದುರಿನಿಂದ ಅಮ್ಮ ನನ್ನ ಹೆಸರು ಹಿಡಿದು ಕರೆದಳು.

ಅಮ್ಮ ನಮ್ಮ ಜೊತೆ ಬಂದಿರಲಿಲ್ಲ. ಜ್ವರ ಬಂದು ವಡಾಲದಲ್ಲೇ ಮಲಗಿದ್ದಳು. ಅದು ಹೊಳೆಯುವ ಮೊದಲೇ ನಾನು ಬಾಯಿ ತೆರೆದು ಹೆಜ್ಜೆ ಎತ್ತಿದ್ದೆ. ಹುಳಿವಾಸನೆಯ ಕೈಯೊಂದು ಬಾಯಿ ಮುಚ್ಚಿತು.

“ನಿಲ್ಲು ಮಗಾ. ಇನ್ನೊಮ್ಮೆ ಕರೀಲಿ.”

ಕರೆಯಲಿಲ್ಲ. ಮಂಜು ಸರಿದಾಗ ನೋಡಿದರೆ ನನ್ನ ಕಾಲಿನ ಮುಂದೆಯೇ ಹುಲ್ಲು ಮುಗಿದಿತ್ತು. ಆಚೆ ತಳ ಕಾಣದ ಕಣಿವೆ. ದೊಡ್ಡಮ್ಮ ಸೆರಗಿನಿಂದ ನನ್ನ ಮುಖ ಒರೆಸಿ, “ಚಾ ಕುಡಿಯುವ, ಬಾ” ಅಂದಳು.

ಮುಂದೆ ನನ್ನ ಕೈ ಹಿಡಿದು ಕಾಲೇಜಿಗೆ ಸೇರಿಸಿದ್ದೂ ಅವಳೇ. ನನ್ನ ಕೊನೆಯ ಪರೀಕ್ಷೆ ಮುಗಿದ ವಾರ ತೀರಿಕೊಂಡಳು. ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಕರೆದೆ. ಓಗೊಡಲಿಲ್ಲ.

ಪದವಿ ಕೊಡುವ ದಿನ ವೇದಿಕೆಯಿಂದ ನನ್ನ ಹೆಸರು ಕೇಳಿತು. ರೂಢಿ ನೋಡಿ, ಇನ್ನೊಮ್ಮೆ ಕರೆಯಲಿ ಎಂದು ಕೂತೇ ಇದ್ದೆ. ಅವರು ಮುಂದಿನ ಹೆಸರಿಗೆ ಹೋದರು. ಪಕ್ಕದವಳು ಏಳುತ್ತಿದ್ದಳು. ನಾನು ಕಾಲು ಸರಿಸಿ ಅವಳಿಗೆ ದಾರಿ ಬಿಟ್ಟೆ.

ಆಗ ಹಿಂದಿನಿಂದ ದೊಡ್ಡಮ್ಮನ ಸ್ವರ, ಕಿವಿಗೆ ತಾಗಿದ ಹಾಗೆ. ಒಂದೇ ಸಲ.

“ಏಳು ಮಗಾ.”

“ಓ” ಅಂದೆ. ವೇದಿಕೆಗೆ ಓಡಿದೆ.

ಹೊರಗೆ ಬಂದು ಸರ್ಟಿಫಿಕೇಟನ್ನು ಅಮ್ಮನ ಕೈಗೆ ಕೊಟ್ಟೆ. ಅಮ್ಮನಿಗೆ ಓದಲು ಬರುವುದಿಲ್ಲ. ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು, ಅಕ್ಕನ ಕೈಯ ಹುಳಿವಾಸನೆ ಹುಡುಕುವ ಹಾಗೆ.

“ಅಮ್ಮಾ, ನಾನು ಓ ಅಂದುಬಿಟ್ಟೆ.”

“ನನಗೂ ಕೇಳಿತು” ಅಂದಳು ಅಮ್ಮ. “ಅಕ್ಕ ಕರೆದ್ರೆ ಒಂದು ಸಲ ಸಾಕು.”